ಸರ್ ಸಿ. ವಿ. ರಾಮನ್ನರ ನೇತ್ರವಿಚಾರ

ಪ್ರತಿವರ್ಷ ಫೆಬ್ರವರಿ ೨೮ರಂದು ನಾಡಿನ ಪಾಠಶಾಲೆಗಳಲ್ಲೆಲ್ಲ ರಾಷ್ಟ್ರೀಯ ವಿಜ್ಞಾನ ದಿನವನ್ನು ಆಚರಿಸುವ ಪದ್ಧತಿ ೧೯೮೭ರಿಂದ ನಡೆದುಬಂದಿದೆ. ಅಂದು ಮುಂಡಾಸು ಧರಿಸಿದ ಸರ್ ಚಂದ್ರಶೇಖರ ವೆಂಕಟರಾಮನ್ನರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ. ಮಕ್ಕಳು ರಾಮನ್ ಪರಿಣಾಮವನ್ನು ಕುರಿತು ಕಂಠಪಾಠ ಮಾಡಿದ ಭಾಷಣವನ್ನು ಒಪ್ಪಿಸುತ್ತಾರೆ. ೧೯೨೮ರ ಆ ಶೋಧವೂ ೧೯೩೦ರ ನೊಬೆಲ್ ಪಾರಿತೋಷಕವೂ ಸರ್ವವಿದಿತವಾದ ಸಂಗತಿಗಳು. ಆದರೆ ಆ ಮಹನೀಯರು ಅನಂತರವೂ ನಾಲ್ವತ್ತು ವರ್ಷ ಬಾಳಿದರೆಂಬುದನ್ನೂ, ಅದರಲ್ಲಿ ಕೊನೆಯ ಹತ್ತು ವರ್ಷಗಳನ್ನು ಬೆಂಗಳೂರಿನಲ್ಲಿ ಕುಳಿತು ಮನುಷ್ಯನ ಕಣ್ಣು ಬೆಳಕನ್ನು ಹೇಗೆ ಗ್ರಹಿಸುತ್ತದೆಂಬ ಒಂದೇ ಪ್ರಶ್ನೆಗೆ ಬಹುಮಟ್ಟಿಗೆ ಮೀಸಲಿಟ್ಟರೆಂಬುದನ್ನೂ ನೆನೆಯುವವರು ವಿರಳ. ಆ ಕೊನೆಯ ಶೋಧವು ವಿದ್ವತ್ಪ್ರಪಂಚದ ಮನ್ನಣೆಯನ್ನು ಪಡೆಯಲಿಲ್ಲ. ಅದೇ ಕಾರಣಕ್ಕೆ ಅದನ್ನು ಮುಚ್ಚಿಡುವುದು ದೊಡ್ಡವರ ಜೀವನಕ್ಕೆ ನಾವು ಸಲ್ಲಿಸುವ ಗೌರವವಾಗಲಾರದು.

ರಾಮನ್ನರು ೧೮೮೮ನೆಯ ಇಸವಿ ನವೆಂಬರ್ ೭ರಂದು ತಿರುಚಿರಾಪಳ್ಳಿಯ ಬಳಿಯ ತಿರುವಾನೈಕ್ಕಾವಲಿನಲ್ಲಿ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಗಣಿತ ಮತ್ತು ಭೌತವಿಜ್ಞಾನಗಳ ಅಧ್ಯಾಪಕರು, ಸಂಗೀತಪ್ರಿಯರು. ತಾಯಿ ಪಾರ್ವತಿ ಅಮ್ಮಾಳ್. ತಂದೆಯವರಿಗೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಉದ್ಯೋಗ ದೊರೆತುದರಿಂದ ಬಾಲ್ಯವೆಲ್ಲ ಸಮುದ್ರತೀರದಲ್ಲಿ ಕಳೆಯಿತು. ಹನ್ನೊಂದನೆಯ ವಯಸ್ಸಿಗೇ ಮೆಟ್ರಿಕ್ಯುಲೇಷನ್. ೧೯೦೪ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಸ್ವರ್ಣಪದಕದೊಡನೆ ಬಿ.ಎ.; ೧೯೦೬ರಲ್ಲಿ, ವಿದ್ಯಾರ್ಥಿಯಾಗಿರುವಾಗಲೇ, ಲಂಡನ್ನಿನ ಶಾಸ್ತ್ರೀಯ ಪತ್ರಿಕೆಯೊಂದರಲ್ಲಿ ಬೆಳಕಿನ ಬಾಗುವಿಕೆಯನ್ನು ಕುರಿತ ಮೊದಲ ಲೇಖನ. ಎಳೆಯ ವಯಸ್ಸಿನಲ್ಲಿ ತಮ್ಮನ್ನು ರೂಪಿಸಿದ ಗ್ರಂಥಗಳೆಂದು ರಾಮನ್ನರು ಮುಂದೆ ಮೂರನ್ನು ಹೆಸರಿಸಿದ್ದುಂಟು: ಭಗವಾನ್ ಬುದ್ಧನ ಜೀವನವನ್ನು ಹಾಡಿದ ಎಡ್ವಿನ್ ಆರ್ನಾಲ್ಡನ ಇಂಗ್ಲಿಷ್ ಕಾವ್ಯ, ಯೂಕ್ಲಿಡನ ರೇಖಾಗಣಿತ, ಮತ್ತು ಜರ್ಮನ್ ಪಂಡಿತ ಹೆಲ್ಮ್‌ಹೋಲ್ಟ್ಸನ ನಾದಶಾಸ್ತ್ರ. ಈ ಮೂರನೆಯ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಬೇಕು; ಮುಂದೆ ಇದೇ ಹೆಲ್ಮ್‌ಹೋಲ್ಟ್ಸನು ರಾಮನ್ನರ ಪೂರ್ವಪಕ್ಷವಾಗಿ ಎದುರು ನಿಲ್ಲುತ್ತಾನೆ.

೧೯೦೭ರಲ್ಲಿ ಲೋಕಸುಂದರಿಯವರೊಡನೆ ವಿವಾಹ. ಅದೇ ವರ್ಷ ಹಣಕಾಸು ಇಲಾಖೆಯ ಪರೀಕ್ಷೆಯಲ್ಲಿ ಪ್ರಥಮಸ್ಥಾನ ಗಳಿಸಿ ಕಲ್ಕತ್ತೆಯಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಹುದ್ದೆ. ಹಗಲೆಲ್ಲ ಕಚೇರಿಯ ಲೆಕ್ಕಪತ್ರ; ಬೆಳಗಿನ ಜಾವ ಮತ್ತು ಸಂಜೆ ಬೌಬಜಾರ್ ಬೀದಿಯ ವಿಜ್ಞಾನಸಂಘದಲ್ಲಿ ಪ್ರಯೋಗ. ಮಹೇಂದ್ರಲಾಲ್ ಸರ್ಕಾರರು ೧೮೭೬ರಲ್ಲಿ ಸ್ಥಾಪಿಸಿದ್ದ ಆ ಸಂಘದ ಪ್ರಯೋಗಶಾಲೆಯು ಉಪಯೋಗಿಸುವವರಿಲ್ಲದೆ ಹಾಳುಸುರಿಯುತ್ತಿತ್ತು. ಅಲ್ಲಿ ಅವರು ಮೊದಲು ಕೈಹಚ್ಚಿದುದು ನಾದಕ್ಕೆ. ಪಿಟೀಲು, ವೀಣೆ, ಮೃದಂಗಗಳ ಸ್ವರೂಪವನ್ನು ಶೋಧಿಸಿದರು. ಮೃದಂಗದ ಚರ್ಮಕ್ಕೆ ಹಚ್ಚುವ ಕರಣೆಯಿಂದಲೇ ಅದರ ಧ್ವನಿಯಲ್ಲಿ ಶ್ರುತಿಬದ್ಧವಾದ ಉಪಸ್ವರಗಳು ಹೊಮ್ಮುತ್ತವೆಂಬುದನ್ನು ೧೯೨೦ರಲ್ಲಿ ಜಗತ್ತಿಗೆ ತೋರಿಸಿಕೊಟ್ಟರು. ಹತ್ತು ವರ್ಷ ಹೀಗೆ ನಡೆಯಿತು. ೧೯೧೭ರಲ್ಲಿ, ಆಶುತೋಷ ಮುಖರ್ಜಿಯವರ ಕರೆಗೆ ಓಗೊಟ್ಟು, ಹೆಚ್ಚಿನ ಸಂಬಳದ ಸರ್ಕಾರಿ ಪದವಿಯನ್ನು ಬಿಟ್ಟು ಕಡಿಮೆ ಸಂಬಳದ ಪಾಲಿತ್ ಪ್ರಾಧ್ಯಾಪಕ ಪೀಠವನ್ನು ಸ್ವೀಕರಿಸಿದರು.

೧೯೨೧ರಲ್ಲಿ ಆಕ್ಸ್‌ಫರ್ಡಿನ ಸಮ್ಮೇಳನಕ್ಕೆ ಹೋಗಿಬರುವಾಗ ಮೆಡಿಟರೇನಿಯನ್ ಸಮುದ್ರದ ಗಾಢ ನೀಲಿಯು ಅವರನ್ನು ಹಿಡಿದು ನಿಲ್ಲಿಸಿತು. ಅದು ಆಕಾಶದ ಪ್ರತಿಬಿಂಬವೆಂದು ರ್‍ಯಾಲೆ ಪ್ರಭುಗಳು ಹೇಳಿದ್ದರು. ರಾಮನ್ನರು ಜೇಬಿನಲ್ಲಿದ್ದ ಒಂದು ಸ್ಫಟಿಕದ ಪಟ್ಟಕದಿಂದ ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕನ್ನು ಕಳೆದು ನೋಡಿದರು. ನೀಲಿ ಕಡಿಮೆಯಾಗಲಿಲ್ಲ, ಇನ್ನೂ ಗಾಢವಾಯಿತು. ಅದು ನೀರಿನ ಅಣುಗಳೇ ಚದರಿಸಿದ ಬೆಳಕು. ಈ ಎಳೆಯನ್ನು ಹಿಡಿದು ಏಳು ವರ್ಷ ಶಿಷ್ಯರೊಡನೆ ನಡೆಸಿದ ತಪಸ್ಸಿನ ಫಲವೇ ೧೯೨೮ರ ಶೋಧ. ದ್ರವಗಳಲ್ಲಿ ಚದರಿದ ಬೆಳಕಿನೊಳಗೆ ಮೂಲದಲ್ಲಿಲ್ಲದ ಮತ್ತೊಂದು ಕ್ಷೀಣ ಬಣ್ಣವು ಕಾಣಿಸುತ್ತಿತ್ತು. ಮೊದಲು ಕೆ. ಆರ್. ರಾಮನಾಥನ್ನರು ಅದನ್ನು ಕಂಡಾಗ ದುರ್ಬಲವಾದ ಪ್ರತಿದೀಪ್ತಿಯೆಂದು ಭಾವಿಸಲಾಗಿತ್ತು. ಪ್ರತಿದೀಪ್ತಿಯೆಂದರೆ ವಸ್ತುವು ಬೆಳಕನ್ನು ನುಂಗಿ, ಒಂದು ಕ್ಷಣಾಂಶ ಒಳಗಿಟ್ಟುಕೊಂಡು, ಬೇರೆ ಬಣ್ಣದಲ್ಲಿ ಹೊರಬಿಡುವುದು. ಚದರಿಕೆಯಲ್ಲಿ ಆ ತಡೆಯಿಲ್ಲ; ಬೆಳಕು ಬಂದ ಕ್ಷಣವೇ ಅಣುವಿನೊಡನೆ ಕೊಟ್ಟುತೆಗೆದುಕೊಂಡು ಹೊರಡುತ್ತದೆ. ಹೊಸ ಬಣ್ಣದ ಬೆಳಕು ಧ್ರುವೀಕೃತವಾಗಿದ್ದುದನ್ನು ಗಮನಿಸಿ, ಇದು ಪ್ರತಿದೀಪ್ತಿಯಲ್ಲವೆಂದು ರಾಮನ್ನರೂ ಕೆ. ಎಸ್. ಕೃಷ್ಣನ್ನರೂ ನಿರ್ಣಯಿಸಿದರು. ಕೆಲವೇ ನೂರು ರೂಪಾಯಿಗಳ ಉಪಕರಣದಿಂದ ನಡೆದ ಕಾರ್ಯವಿದು. ೧೯೨೯ರಲ್ಲಿ ಸರ್ ಪದವಿ, ೧೯೩೦ರಲ್ಲಿ ನೊಬೆಲ್.

೧೯೩೩ರಲ್ಲಿ ರಾಮನ್ನರು ಬೆಂಗಳೂರಿನ ತಾತಾ ವಿಜ್ಞಾನಮಂದಿರದ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಂದಿನಿಂದ ಕೊನೆಯವರೆಗೂ ಕನ್ನಡನಾಡೇ ಅವರ ನೆಲೆ. ಆಡಳಿತಮಂಡಲಿಯೊಡನೆ ಮನಸ್ತಾಪ ಬೆಳೆದು ೧೯೩೭ರಲ್ಲಿ ನಿರ್ದೇಶಕ ಪದವಿಯನ್ನು ಬಿಡಬೇಕಾಯಿತು. ಪ್ರಾಧ್ಯಾಪಕರಾಗಿ ೧೯೪೮ರವರೆಗೆ ಅಲ್ಲಿಯೇ ಉಳಿದರು. ಆ ಕಲಹದ ವಿವರ ಇಲ್ಲಿ ಅನವಶ್ಯಕ. ಈ ನಡುವೆ ೧೯೩೪ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದ್ದರು. ಮೈಸೂರು ಸಂಸ್ಥಾನವು ಅದಕ್ಕೆ ಭೂಮಿಯನ್ನು ದಾನವಾಗಿ ಕೊಟ್ಟಿತ್ತು. ಆ ಭೂಮಿಯ ಮೇಲೆ, ವಿಶ್ರಾಂತಿಯ ವಯಸ್ಸಿನಲ್ಲಿ, ೧೯೪೮ರಲ್ಲಿ ತಮ್ಮದೇ ಆದ ಸಂಶೋಧನಾಲಯವನ್ನು ಕಟ್ಟಿದರು. ಊರೂರು ತಿರುಗಿ ದಾನಿಗಳಿಂದ ಹಣ ಕೂಡಿಸಿದರು. ಸರ್ಕಾರದ ಹಣ ಪಡೆದರೆ ವರ್ಷವರ್ಷವೂ ವರದಿ ಒಪ್ಪಿಸಬೇಕಾಗುತ್ತದೆಂದು ಅದರಿಂದ ದೂರವೇ ಉಳಿದರು. ಕಟ್ಟಡಕ್ಕೆ ವಿದ್ಯುತ್ ಸಂಪರ್ಕ ಬರುವ ಮುನ್ನವೇ, ಕನ್ನಡಿಯಿಂದ ಸೂರ್ಯರಶ್ಮಿಯನ್ನು ಕೋಣೆಯೊಳಕ್ಕೆ ತಿರುಗಿಸಿಕೊಂಡು ಪ್ರಯೋಗಗಳನ್ನು ಆರಂಭಿಸಿಬಿಟ್ಟರು. ಭಾರತೀನಗರದ ದಕ್ಷಿಣಕ್ಕೆ, ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ೧೯೦೨ರಲ್ಲಿ ಹುಟ್ಟಿದ ವಿದ್ಯುತ್ತು ೧೯೦೫ರಲ್ಲೇ ಬೆಂಗಳೂರಿನ ಬೀದಿಗಳನ್ನು ಬೆಳಗಿತ್ತು. ಅಂಥ ನಗರದಲ್ಲಿ, ನೊಬೆಲ್ ಪುರಸ್ಕೃತರೊಬ್ಬರು ಬಿಸಿಲನ್ನೇ ದೀಪವಾಗಿ ಮಾಡಿಕೊಂಡು ಕೆಲಸ ನಡೆಸಿದರೆಂಬುದು ಸ್ಮರಣೀಯ. ೧೯೫೪ರಲ್ಲಿ ಭಾರತರತ್ನ ಪ್ರಶಸ್ತಿ ಬಂದಾಗಲೂ ಅವರು ವಜ್ರ, ಮುತ್ತು, ಕ್ಷೀರಸ್ಫಟಿಕಗಳ ಕಾಂತಿಯ ವಿಚಾರದಲ್ಲಿ ಮಗ್ನರಾಗಿದ್ದರು.

ರತ್ನಗಳಿಂದ ಹೂಗಳಿಗೆ, ಹೂಗಳಿಂದ ಕಣ್ಣಿಗೆ: ಎಪ್ಪತ್ತು ಮೀರಿದ ಮೇಲೆ ಅವರ ಶೋಧ ನಡೆದ ದಾರಿ ಇದು. ಸಂಶೋಧನಾಲಯದ ಸುತ್ತ ತಾವೇ ಆಸ್ಥೆಯಿಂದ ಬೆಳೆಸಿದ ತೋಟದಲ್ಲಿ ಗುಲಾಬಿಯೇ ಮೊದಲಾದ ನಾನಾ ಪುಷ್ಪಗಳಿದ್ದುವು. ಒಂದೊಂದು ದಳವನ್ನೂ ರೋಹಿತದರ್ಶಕದಲ್ಲಿ ಪರೀಕ್ಷಿಸಿ, ಅದು ಬಿಸಿಲಿನ ಯಾವ ಅಂಶವನ್ನು ನುಂಗುತ್ತದೆ, ಯಾವುದನ್ನು ಉಳಿಸುತ್ತದೆ ಎಂದು ಬರೆದಿಟ್ಟರು. ಆಗ ಒಂದು ತೊಡಕು ಎದುರಾಯಿತು. ದಳದಿಂದ ಬಂದ ಬೆಳಕಿನಲ್ಲಿ ಹಲವು ಬಣ್ಣಗಳು ಬೆರೆತಿರುತ್ತವೆ. ಕಣ್ಣಿಗೆ ಕಾಣುವುದು ಮಾತ್ರ ಒಂದೇ ಬಣ್ಣ. ಹೂವಿನ ಬಣ್ಣವೆಂಬುದು ಹೂವಿನಲ್ಲಿದೆಯೋ ಕಣ್ಣಿನಲ್ಲಿದೆಯೋ? ನಮ್ಮ ನೈಯಾಯಿಕರು ಚಕ್ಷುರಿಂದ್ರಿಯವು ತೈಜಸವೆಂದೂ, ಅದರ ರಶ್ಮಿಯು ಹೊರಹೊರಟು ವಸ್ತುವನ್ನು ಮುಟ್ಟುತ್ತದೆಂದೂ ಸಾಧಿಸಿದ್ದರು. ಆ ಮತವು ಇಂದು ನಿಲ್ಲುವುದಿಲ್ಲ. ಆದರೆ ನೋಡುವುದರಲ್ಲಿ ಇಂದ್ರಿಯದ ವ್ಯಾಪಾರವೂ ಒಂದುಂಟೆಂಬ ಅವರ ಆಗ್ರಹವು ಹುರುಳಿಲ್ಲದ ಮಾತಲ್ಲ. ರಾಮನ್ನರು ಈ ವಿಷಯವಾಗಿ ಲೇಖನಗಳನ್ನು ಪ್ರಕಟಿಸುತ್ತ ಬಂದರು. ತಮ್ಮ ನೂತನ ದೃಷ್ಟಿಶಾಸ್ತ್ರವನ್ನು ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಅಧ್ಯಾಯ ಅಧ್ಯಾಯವಾಗಿ ಹೊರತಂದರು. ೧೯೬೮ರಲ್ಲಿ, ಎಂಬತ್ತರ ಹೊಸ್ತಿಲಲ್ಲಿ, ಅವೆಲ್ಲವನ್ನೂ ಒಟ್ಟುಗೂಡಿಸಿದ ಗ್ರಂಥವನ್ನು ಬೆಂಗಳೂರಿನ ಅಕಾಡೆಮಿಯು ಪ್ರಕಟಿಸಿತು.

ಆ ಗ್ರಂಥದ ಬೆನ್ನೆಲುಬಾದ ಪ್ರಯೋಗವೊಂದುಂಟು. ಅದರ ಸರಳತೆಯು ಸಮುದ್ರದ ಮೇಲೆ ಸ್ಫಟಿಕ ಹಿಡಿದವರಿಗೆ ತಕ್ಕುದಾಗಿಯೇ ಇದೆ. ಚೆನ್ನಾಗಿ ಬೆಳಗಿಸಿದ ಬಿಳಿಯ ತೆರೆಯ ಮುಂದೆ ನಿಂತು, ಕಣ್ಣಿಗೆ ಒಂದು ಬಣ್ಣದ ಗಾಜನ್ನು ಹಿಡಿದು, ತೆರೆಯ ಒಂದು ಬಿಂದುವಿನಲ್ಲಿ ದೃಷ್ಟಿ ನೆಟ್ಟು ಸ್ವಲ್ಪ ಹೊತ್ತು ನೋಡಬೇಕು. ಬಳಿಕ ದೃಷ್ಟಿಯನ್ನು ಕದಲಿಸದೆ ಗಾಜನ್ನು ಥಟ್ಟನೆ ಸರಿಸಬೇಕು. ಕೂಡಲೇ ಬಿಳಿಯ ತೆರೆಯ ಮೇಲೆ, ಗಾಜು ತಡೆದಿದ್ದ ಬಣ್ಣದಲ್ಲಿ, ಒಂದು ಚಿತ್ರವು ಮೂಡುತ್ತದೆ. ನಡುವೆ ಒಂದು ವೃತ್ತ, ಸುತ್ತ ಪ್ರಭೆ; ಕೆಲವು ಕ್ಷಣಗಳಲ್ಲಿ ಅದು ಮಾಸಿಹೋಗುತ್ತದೆ. ಆ ಚಿತ್ರವು ನೋಡುವವನದೇ ಅಕ್ಷಿಪಟಲವೆಂದು, ಆ ವೃತ್ತವು ಪಟಲದ ನಡುವೆ ಅತ್ಯಂತ ಸೂಕ್ಷ್ಮದೃಷ್ಟಿಗೆ ಸ್ಥಾನವಾದ ಕುಳಿಯೆಂದು ರಾಮನ್ನರು ನಿರೂಪಿಸಿದರು. ಒಬ್ಬ ಮನುಷ್ಯನು ತನ್ನ ಕಣ್ಣಿನ ಹಿಂಭಿತ್ತಿಯನ್ನು ತಾನೇ, ದೊಡ್ಡದಾಗಿ, ಗೋಡೆಯ ಮೇಲೆ ನೋಡಿಕೊಳ್ಳುವ ಉಪಾಯವಿದು. ಗಾಜಿನ ಬಣ್ಣ ಬದಲಾದಂತೆ ಚಿತ್ರವೂ ಬದಲಾಗುತ್ತದೆ. ಹತ್ತಾರು ಬಣ್ಣದ ಗಾಜುಗಳಿಂದ ಈ ಪ್ರಯೋಗವನ್ನು ಅವರು ಮತ್ತೆ ಮತ್ತೆ ನಡೆಸಿದರು. ಇದಕ್ಕೆ ಬೇಕಾದುದು ಬಣ್ಣದ ಗಾಜು, ಬಿಳಿಯ ಬಟ್ಟೆ ಮತ್ತು ತಾಳ್ಮೆ.

ಈ ಬಗೆಯ ಅನುಭವ ಮಂಡ್ಯದ ಸೀಮೆಯ ಕಬ್ಬಿನ ರೈತನಿಗೆ ಅಪರಿಚಿತವಲ್ಲ. ರಾತ್ರಿ ಆಲೆಮನೆಯಲ್ಲಿ ಒಲೆಯ ಬಾಯಿಯ ಉರಿಯನ್ನು ದಿಟ್ಟಿಸಿದವನು ಕಣ್ಣನ್ನು ಕತ್ತಲೆಯ ಗೋಡೆಗೆ ತಿರುಗಿಸಿದರೆ ಅಲ್ಲಿಯೂ ಒಲೆಯ ಬಾಯಿ ಕಾಣುತ್ತದೆ, ಬೇರೆ ಬಣ್ಣದಲ್ಲಿ. ಹಬ್ಬದ ದಿನ ಪಂಜನ್ನು ಬೀಸಿ ತಿರುಗಿಸಿದರೆ ಬೆಂಕಿಯ ಬಳೆಯೊಂದು ಗಾಳಿಯಲ್ಲಿ ನಿಲ್ಲುತ್ತದೆ. ಕೊಳ್ಳಿ ಒಂದೇ, ಅದು ಒಂದು ಕ್ಷಣದಲ್ಲಿ ಒಂದೆಡೆ ಮಾತ್ರ ಇರುವುದು. ಬಳೆಯು ಎಲ್ಲಿಂದ ಬಂತು? ಪ್ರಾಚೀನರು ಇದನ್ನು ಅಲಾತಚಕ್ರವೆಂದು ಕರೆದರು; ಗೌಡಪಾದರ ಕಾರಿಕೆಗಳ ನಾಲ್ಕನೆಯ ಪ್ರಕರಣಕ್ಕೆ ಅಲಾತಶಾಂತಿಯೆಂದೇ ಹೆಸರು. ಅವರು ಅದರಿಂದ ಸಾಧಿಸಹೊರಟ ತತ್ತ್ವ ಬೇರೆ. ಆದರೆ ವಿದ್ಯಮಾನವು ಅದೇ: ಬೆಳಕು ಹೋದ ಮೇಲೂ ನೋಟವು ಉಳಿಯುತ್ತದೆ, ಮತ್ತು ಬೆಳಕು ಬಂದ ಮೇಲೆ ನೋಟವು ತಡವಾಗಿ ಹುಟ್ಟುತ್ತದೆ.

ಇಲ್ಲಿ ಹೆಲ್ಮ್‌ಹೋಲ್ಟ್ಸನ ಮಾತು ಬರುತ್ತದೆ. ನರಗಳಲ್ಲಿ ಸಂದೇಶವು ಹರಿಯುವ ವೇಗ ಅಳೆಯಲಾಗದಷ್ಟು ಹೆಚ್ಚೆಂದು ಅವನ ಗುರುವಾದ ಮ್ಯೂಲರನೇ ನಂಬಿದ್ದನು. ೧೮೫೦ರಲ್ಲಿ ಹೆಲ್ಮ್‌ಹೋಲ್ಟ್ಸನು ಕಪ್ಪೆಯ ನರದಲ್ಲಿ ಅದನ್ನು ಅಳೆದು, ಸೆಕೆಂಡಿಗೆ ಮೂವತ್ತು ಮೀಟರಿಗೂ ಕಡಿಮೆಯೆಂದು ತೋರಿಸಿದನು. ಇಂದ್ರಿಯಕ್ಕೂ ಅರಿವಿಗೂ ನಡುವೆ ಕಾಲವಿದೆ ಎಂಬ ಮಾತಿಗೆ ಅಂದು ಅಂಕಿಯ ಆಧಾರ ದೊರೆಯಿತು. ಬಣ್ಣದ ವಿಷಯದಲ್ಲಿ ಅವನು ಇಂಗ್ಲೆಂಡಿನ ಥಾಮಸ್ ಯಂಗನ ೧೮೦೨ರ ಊಹೆಯನ್ನು ಎತ್ತಿಹಿಡಿದನು: ಅಕ್ಷಿಪಟಲದಲ್ಲಿ ಮೂರೇ ಬಗೆಯ ಗ್ರಾಹಕಗಳಿವೆ, ಉಳಿದ ಬಣ್ಣಗಳೆಲ್ಲ ಅವುಗಳ ಮಿಶ್ರಣಗಳು. ನಾದಶಾಸ್ತ್ರದಲ್ಲಿ ಹೆಲ್ಮ್‌ಹೋಲ್ಟ್ಸನಿಗೆ ಏಕಲವ್ಯನಂತಿದ್ದ ರಾಮನ್ನರು ದೃಷ್ಟಿಶಾಸ್ತ್ರದಲ್ಲಿ ಅವನನ್ನು ನೇರವಾಗಿ ಖಂಡಿಸಿದರು. ಶುದ್ಧ ರೋಹಿತದ ಹಳದಿಯನ್ನು ನೋಡಿದವನಿಗೆ ಅದರಲ್ಲಿ ಕೆಂಪಾಗಲಿ ಹಸಿರಾಗಲಿ ಕಾಣದು. ಅದು ಸ್ವತಂತ್ರವಾದ, ಮೂಲಭೂತವಾದ ಸಂವೇದನೆ. ಆದಕಾರಣ ಮೂರರ ವಾದವು ಅಸಮಂಜಸವೆಂಬುದು ರಾಮನ್ನರ ಸಿದ್ಧಾಂತ. ಗುರುವಿನ ಮತವನ್ನೂ ಪೂರ್ವಪಕ್ಷವಾಗಿ ನಿಲ್ಲಿಸಿ ವಿಚಾರಿಸುವುದು ನಮ್ಮ ಶಾಸ್ತ್ರಪರಂಪರೆಗೆ ಹೊಸದಲ್ಲವಷ್ಟೆ.

ಆದರೆ ಕಾಲವು ಅವರ ಪರವಾಗಿ ತೀರ್ಪು ಕೊಡಲಿಲ್ಲ. ರಾಮನ್ನರ ಅಧ್ಯಾಯಗಳು ಅಚ್ಚಾಗುತ್ತಿದ್ದ ೧೯೬೪ರಲ್ಲಿಯೇ ಅಮೆರಿಕದ ಎರಡು ಪ್ರಯೋಗಶಾಲೆಗಳು, ಒಂದೊಂದೇ ಶಂಕುಕೋಶದ ಮೇಲೆ ಸೂಕ್ಷ್ಮ ಬೆಳಕಿನ ಕಿರಣ ಹಾಯಿಸಿ, ಅವುಗಳಲ್ಲಿ ಮೂರು ಬಗೆಯ ವರ್ಣದ್ರವ್ಯಗಳಿರುವುದನ್ನು ಅಳೆದು ತೋರಿಸಿದುವು. ೧೯೬೭ರಲ್ಲಿ ವಾಲ್ಡ್, ಹಾರ್ಟ್‌ಲೈನ್, ಗ್ರಾನಿಟ್ ಈ ಮೂವರಿಗೆ ದೃಷ್ಟಿಶೋಧಕ್ಕಾಗಿ ನೊಬೆಲ್ ಸಂದಿತು. ಮೂರರ ವಾದವು ಇಂದು ಸ್ಥಾಪಿತವಾಗಿದೆ. ೧೯೮೬ರಲ್ಲಿ ಆ ವರ್ಣದ್ರವ್ಯಗಳ ವಂಶವಾಹಿಗಳೂ ಗುರುತಿಸಲ್ಪಟ್ಟುವು. ರಾಮನ್ನರು ಸೋತರೆನ್ನಬೇಕೇ? ಶಂಕುಕೋಶದ ವಿಷಯದಲ್ಲಿ ಹೌದು, ಸಂಶಯವಿಲ್ಲ. ಆದರೆ ಹಳದಿಯ ಸ್ವತಂತ್ರತೆಯನ್ನು ಅವರು ಕಂಡುದು ಭ್ರಮೆಯಲ್ಲ. ಕಣ್ಣಿನಲ್ಲಿ ಮೂರಾಗಿ ಹೊರಟ ಸಂದೇಶಗಳನ್ನು ಅಕ್ಷಿಪಟಲದ ನರಜಾಲವೂ ಮಿದುಳಿನ ನಡುಠಾಣ್ಯವೂ ಕೂಡಿಸಿ ಕಳೆದು, ಕೆಂಪಿಗೆದುರು ಹಸಿರು, ಹಳದಿಗೆದುರು ನೀಲಿ ಎಂಬ ಜೋಡಿಗಳಾಗಿ ಮಾರ್ಪಡಿಸುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೇರಿಂಗನು ಊಹಿಸಿದ್ದ ಈ ವ್ಯವಸ್ಥೆಗೆ ೧೯೫೦ರ ದಶಕದಿಂದೀಚೆಗೆ ಪ್ರಮಾಣಗಳು ದೊರೆತಿವೆ. ಶುದ್ಧ ಹಳದಿಯ ಅನುಭವವು ಮಿದುಳಿನಲ್ಲಿ ಕೊನೆಗೆ ಎಲ್ಲಿ ನೆಲೆಗೊಳ್ಳುತ್ತದೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ರಾಮನ್ನರ ತಪ್ಪು ನೋಟದ್ದಲ್ಲ, ನೆಲೆಯದು. ಮುಂದಿನ ಹಂತಗಳಿಗೆ ಸೇರಿದುದನ್ನು ಅವರು ಅಕ್ಷಿಪಟಲದಲ್ಲಿಯೇ ಹುಡುಕಿದರು.

ಆ ಮುಂದಿನ ಹಂತಗಳ ಶೋಧವೂ ಅದೇ ದಶಕದಲ್ಲಿ ನಡೆಯುತ್ತಿತ್ತು. ಪ್ರತಿಯೊಂದು ಕಣ್ಣಿನಿಂದ ಸುಮಾರು ಹತ್ತು ಲಕ್ಷ ತಂತುಗಳ ದೃಷ್ಟಿನರವು ಹೊರಡುತ್ತದೆ. ನಡುವೆ ಅರ್ಧದಷ್ಟು ತಂತುಗಳು ಎದುರು ಪಕ್ಕಕ್ಕೆ ದಾಟಿ, ಮಿದುಳಿನ ಒಳಗಿನ ಠಾಣ್ಯವೊಂದರಲ್ಲಿ ತಂಗಿ, ಅಲ್ಲಿಂದ ತಲೆಯ ಹಿಂಭಾಗದಲ್ಲಿರುವ ಮಿದುಳಿನ ಹೊರಪದರಕ್ಕೆ ಸುದ್ದಿ ಮುಟ್ಟುತ್ತದೆ. ಅದೇ ದೃಷ್ಟಿಯ ಮಸ್ತಿಷ್ಕ. ಹ್ಯೂಬೆಲ್ ಮತ್ತು ವೀಸೆಲ್ ಎಂಬಿಬ್ಬರು ೧೯೫೯ರಿಂದ ಮೊದಲ್ಗೊಂಡು ಬೆಕ್ಕಿನ ಮಿದುಳಿನ ಒಂದೊಂದೇ ಕೋಶಕ್ಕೆ ಸೂಕ್ಷ್ಮತಂತಿ ಚುಚ್ಚಿ, ಅಲ್ಲಿಯ ಕೋಶಗಳು ಬರಿಯ ಬೆಳಕಿಗೆ ಓಗೊಡದೆ, ನಿರ್ದಿಷ್ಟ ಓರೆಯ ಗೆರೆಗಳಿಗೆ, ನಿರ್ದಿಷ್ಟ ದಿಕ್ಕಿನ ಚಲನೆಗೆ ಮಾತ್ರ ಉತ್ತರ ಕೊಡುತ್ತವೆಂದು ತೋರಿಸಿದರು. ೧೯೮೧ರಲ್ಲಿ ಅವರಿಗೂ ನೊಬೆಲ್ ಬಂದಿತು. ಅದಕ್ಕೂ ಮೊದಲೇ, ೧೯೩೮ರಲ್ಲಿ, ಹಾರ್ಟ್‌ಲೈನನು ಕಪ್ಪೆಯ ದೃಷ್ಟಿನರದಲ್ಲಿ ಮೂರು ಬಗೆಯ ತಂತುಗಳನ್ನು ಗುರುತಿಸಿದ್ದನು: ಬೆಳಕು ಇರುವಷ್ಟು ಹೊತ್ತೂ ಮಿಡಿಯುವವು, ಬಂದಾಗಲೂ ಹೋದಾಗಲೂ ಮಿಡಿಯುವವು, ಬೆಳಕು ಹೋದಾಗ ಮಾತ್ರ ಮಿಡಿಯುವವು. ಈ ಮೂರನೆಯದು ಸೋಜಿಗ ಹುಟ್ಟಿಸುವಂಥದು. ಕತ್ತಲೆಯೆಂಬುದು ಬರಿಯ ಅಭಾವವಲ್ಲ, ಅದೂ ಕಣ್ಣಿಗೆ ಒಂದು ಸಮಾಚಾರ. ಗಾಜನ್ನು ಥಟ್ಟನೆ ಸರಿಸಿದಾಗ ಮೂಡಿದ ರಾಮನ್ನರ ಚಿತ್ರದಲ್ಲಿ ಇಂಥ ಬದಲಾವಣೆಗಳನ್ನು ಹಿಡಿಯುವ ತಂತುಗಳ ಪಾತ್ರವೂ, ಬಣ್ಣಕ್ಕೆ ಒಗ್ಗಿಹೋದ ಶಂಕುಕೋಶಗಳ ಆಯಾಸವೂ, ಕುಳಿಯ ಸುತ್ತ ಹರಡಿದ ಹಳದಿ ದ್ರವ್ಯದ ಛಾಯೆಯೂ ಬೆರೆತಿವೆಯೆಂದು ಇಂದು ಹೇಳಬೇಕಾಗುತ್ತದೆ.

ವಿಳಂಬದ ಲೆಕ್ಕವೂ ಈಗ ಸ್ಪಷ್ಟವಾಗಿದೆ. ಕೋಣೆಯ ದೀಪದಿಂದ ಕಣ್ಣಿಗೆ ಬೆಳಕು ಬರಲು ಸೆಕೆಂಡಿನ ಹತ್ತು ಕೋಟಿಯಲ್ಲೊಂದು ಭಾಗವೋ ಎರಡು ಭಾಗವೋ ಸಾಕು. ಅಕ್ಷಿಪಟಲದಲ್ಲಿ ವರ್ಣದ್ರವ್ಯದ ಅಣುವು ಬೆಳಕಿನ ಕಣವನ್ನು ಹೀರಿ ಬಾಗಿದ ರೂಪದಿಂದ ನೆಟ್ಟಗಾಗುವುದು ಅದಕ್ಕಿಂತಲೂ ಅತ್ಯಲ್ಪ ಕಾಲದಲ್ಲಿ. ನಿಸರ್ಗದ ಅತಿ ಶೀಘ್ರ ಕ್ರಿಯೆಗಳಲ್ಲಿ ಅದೊಂದು. ಅಲ್ಲಿಂದ ಮುಂದೆ ನಿಧಾನ ಆರಂಭವಾಗುತ್ತದೆ. ಆ ಒಂದು ಅಣು ಹಲವು ಅಣುಗಳನ್ನು ಎಬ್ಬಿಸಬೇಕು, ಅವು ಇನ್ನೂ ಹಲವನ್ನು; ಹೀಗೆ ಬಲಗೊಂಡ ಬಳಿಕವೇ ಕೋಶದ ವಿದ್ಯುತ್ ಬದಲಾಗುವುದು. ಹಗಲಿನ ದೃಷ್ಟಿಗೆ ಬೇಕಾದ ಶಂಕುಕೋಶಗಳು ಈ ಕೆಲಸವನ್ನು ಬೇಗನೆ ಮುಗಿಸುತ್ತವೆ. ಮಬ್ಬಿನಲ್ಲಿ ದುಡಿಯುವ ದಂಡಕೋಶಗಳು ಒಂದೇ ಬೆಳಕಿನ ಕಣವನ್ನೂ ಹಿಡಿಯಬಲ್ಲವಾದರೂ ಅದರ ಉತ್ತರವು ತುದಿಮುಟ್ಟಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ ಹಿಡಿಯುತ್ತದೆ. ನರದ ದಾರಿಯಲ್ಲಿ ಕಳೆಯುವ ಕಾಲ ಇದರ ಮುಂದೆ ಅಲ್ಪ. ಎಲ್ಲವೂ ಸೇರಿ, ದೃಷ್ಟಿಮಸ್ತಿಷ್ಕದ ಪ್ರಧಾನವಾದ ವಿದ್ಯುತ್ ತರಂಗವು ಕಣ್ಣಿನ ಮುಂದಿನ ಚಿತ್ರ ಬದಲಾದ ಮೇಲೆ ಸುಮಾರು ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕೆ ಏಳುತ್ತದೆ. ನೂರು ತಾವರೆಯ ಎಸಳುಗಳನ್ನು ಒಂದರ ಮೇಲೊಂದಿಟ್ಟು ಸೂಜಿಯಿಂದ ಚುಚ್ಚಿದರೆ ಎಲ್ಲವೂ ಒಮ್ಮೆಗೇ ತೂತಾದಂತೆ ತೋರುತ್ತದೆ, ವಾಸ್ತವದಲ್ಲಿ ಒಂದಾದ ಮೇಲೊಂದು. ನಮ್ಮ ಶಾಸ್ತ್ರಕಾರರ ಈ ಉತ್ಪಲಪತ್ರಶತಭೇದನ್ಯಾಯಕ್ಕೆ ಇದಕ್ಕಿಂತ ಮೇಲಾದ ಉದಾಹರಣೆ ಸಿಗುವುದು ಕಷ್ಟ.

ಬೆಳಕು ಮಬ್ಬಾದಷ್ಟೂ ಈ ವಿಳಂಬವು ಹೆಚ್ಚುತ್ತದೆ. ಜರ್ಮನಿಯ ಯೇನಾ ಪಟ್ಟಣದ ಕಾರ್ಲ್ ಪುಲ್‌ಫ್ರಿಶ್ ಎಂಬ ವಿಜ್ಞಾನಿಯು ೧೯೨೨ರಲ್ಲಿ ವಿವರಿಸಿದ ವಿಚಿತ್ರವೊಂದು ಇದಕ್ಕೆ ಸಾಕ್ಷಿ. ಒಂದು ಕಣ್ಣಿಗೆ ಮಾತ್ರ ಕಪ್ಪುಗಾಜು ಹಿಡಿದು, ಎರಡು ಕಣ್ಣುಗಳಿಂದಲೂ ತೂಗಾಡುವ ಲೋಲಕವನ್ನು ನೋಡಿದರೆ, ನೇರವಾಗಿ ಅತ್ತಿತ್ತ ಆಡುವ ಆ ಗುಂಡು ಸುತ್ತು ಹಾಕಿದಂತೆ ಕಾಣುತ್ತದೆ. ಕಪ್ಪುಗಾಜಿನ ಕಣ್ಣಿನ ಸುದ್ದಿ ತಡವಾಗಿ ಬರುವುದರಿಂದ ಎರಡು ಕಣ್ಣುಗಳ ಸಾಕ್ಷ್ಯ ಹೊಂದುವುದಿಲ್ಲ. ಮಿದುಳು ಆ ಕಾಲದ ವ್ಯತ್ಯಾಸವನ್ನು ದೂರದ ವ್ಯತ್ಯಾಸವೆಂದು ಎಣಿಸುತ್ತದೆ. ಪುಲ್‌ಫ್ರಿಶ್ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದವನು. ತಾನು ವಿವರಿಸಿದುದನ್ನು ತಾನೇ ನೋಡಲಾರದವನು. ವಿಳಂಬವು ಬರಿಯ ದೋಷವೂ ಅಲ್ಲ. ೧೯೮೦ರ ದಶಕದಲ್ಲಿ ಬೆಕ್ಕಿನ ಮಿದುಳಿನ ನಡುಠಾಣ್ಯದಲ್ಲಿ ಸುದ್ದಿಯನ್ನು ತಡೆದು ತಡವಾಗಿ ಕಳುಹಿಸುವ ಕೋಶಗಳೇ ಕಂಡುಬಂದುವು. ಒಂದು ಬಿಂದುವಿನ ಹಳೆಯ ಸುದ್ದಿಯನ್ನು ಪಕ್ಕದ ಬಿಂದುವಿನ ಹೊಸ ಸುದ್ದಿಯೊಡನೆ ಹೋಲಿಸಿದಾಗಲೇ ಚಲನೆಯ ದಿಕ್ಕು ತಿಳಿಯುವುದು. ಹೋಲಿಸಲು ಒಂದನ್ನು ಕಾಯಿಸಿಡಲೇಬೇಕು. ವೈದ್ಯರಿಗೂ ಇದು ಉಪಯೋಗಕ್ಕೆ ಬಂದಿದೆ. ದೃಷ್ಟಿನರಕ್ಕೆ ಉರಿಯೂತ ತಗಲಿದವರಲ್ಲಿ, ನೋಟವು ಮರಳಿ ಬಂದ ಮೇಲೂ, ಮಿದುಳಿನ ತರಂಗವು ವಾಡಿಕೆಗಿಂತ ತಡವಾಗಿಯೇ ಏಳುತ್ತದೆಂದು ೧೯೭೨ರಲ್ಲಿ ಲಂಡನ್ನಿನ ವೈದ್ಯರು ತೋರಿಸಿದರು. ಚದುರಂಗದ ಮನೆಗಳಂಥ ಕಪ್ಪುಬಿಳಿ ಚಿತ್ರವನ್ನು ತೋರಿಸಿ ಈ ವಿಳಂಬವನ್ನು ಅಳೆಯುವ ಪರೀಕ್ಷೆ ಇಂದು ದೊಡ್ಡ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ.

ಇದಾವುದರಲ್ಲಿಯೂ ರಾಮನ್ನರು ಪಾಲ್ಗೊಳ್ಳಲಿಲ್ಲ. ಅವರದು ತಂತಿ ಚುಚ್ಚುವ ಮಾರ್ಗವಲ್ಲ. ಕಣ್ಣನ್ನು ಕಣ್ಣಿನಿಂದಲೇ ಶೋಧಿಸುವ ಮಾರ್ಗ. ದೇಹಶಾಸ್ತ್ರಜ್ಞರ ವಿಮರ್ಶೆಗೆ ಅವರು ಹೆಚ್ಚು ಕಿವಿಗೊಟ್ಟವರೂ ಅಲ್ಲ. ಸ್ವಂತ ಅಕಾಡೆಮಿ, ಸ್ವಂತ ಸಂಶೋಧನಾಲಯ ಇದ್ದುದರಿಂದ ಎದುರುನುಡಿಯುವವರು ಹತ್ತಿರದಲ್ಲಿರಲಿಲ್ಲ. ಯಾರ ಹಂಗೂ ಇಲ್ಲದ ಸ್ವಾತಂತ್ರ್ಯವು ಅವರಿಗೆ ಬಿಸಿಲಿನಲ್ಲಿ ಪ್ರಯೋಗ ಮಾಡುವ ಧೈರ್ಯ ಕೊಟ್ಟಿತು. ಅದೇ ಸ್ವಾತಂತ್ರ್ಯವು ತಪ್ಪನ್ನು ತೋರಿಸಿಕೊಡಬಲ್ಲ ಸಹಚರರಿಂದ ಅವರನ್ನು ದೂರವಿರಿಸಿತು. ೧೯೬೮ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವನ್ನೂ ಬಿಟ್ಟುಕೊಟ್ಟರು. ಆದರೆ ಆ ಒಂಟಿತನದಲ್ಲಿಯೂ ಅವರಿಗೆ ಬೇಸರ ಬಂದಂತೆ ಕಾಣುವುದಿಲ್ಲ. ಶಾಲೆಯ ಮಕ್ಕಳು ಬಂದರೆ ತಮ್ಮ ರತ್ನಗಳನ್ನೂ ಚಿಟ್ಟೆಗಳನ್ನೂ ತಾವೇ ಮುಂದೆ ನಿಂತು ತೋರಿಸುತ್ತಿದ್ದರು. ಆಕಾಶವೇಕೆ ನೀಲಿಯೆಂದು ವಿವರಿಸುವಾಗ ಅವರ ಉತ್ಸಾಹಕ್ಕೆ ಎಲ್ಲೆಯಿರುತ್ತಿರಲಿಲ್ಲ.

ಪ್ರತಿವರ್ಷ ಗಾಂಧೀಜಯಂತಿಯಂದು ಸಂಶೋಧನಾಲಯದಲ್ಲಿ ಸ್ಮಾರಕೋಪನ್ಯಾಸ ನೀಡುವುದು ಅವರ ಸಂಪ್ರದಾಯ. ೧೯೭೦ರ ಅಕ್ಟೋಬರ್ ೨ರಂದು ನೀಡಿದುದೇ ಕೊನೆಯದಾಯಿತು. ಅಂದಿನ ವಿಷಯ ಕಣ್ಣಲ್ಲ, ಕಿವಿ. ಮೃದಂಗದಿಂದ ಆರಂಭಿಸಿದವರು ಕೊನೆಗೆ ಕಿವಿಯೊಳಗಿನ ಶಂಖಾಕೃತಿಯ ಅಂಗವು ನಾದವನ್ನು ಹೇಗೆ ಗ್ರಹಿಸುತ್ತದೆಂಬ ವಿಚಾರಕ್ಕೆ ಬಂದು ನಿಂತಿದ್ದರು. ಆಕಾಶದಲ್ಲಿ ಮಿಂಚು ಮುಂದೆ, ಗುಡುಗು ಹಿಂದೆ. ದೇಹದೊಳಗೆ ಇದು ತಿರುಗುಮುರುಗು. ದೀಪ ಕಂಡಕೂಡಲೇ ಗುಂಡಿಯೊತ್ತಬೇಕೆಂದರೆ ಮನುಷ್ಯನಿಗೆ ಸೆಕೆಂಡಿನ ಸುಮಾರು ಐದನೆಯ ಒಂದು ಭಾಗ ಬೇಕು. ಗಂಟೆಯ ಸದ್ದಿಗಾದರೆ ಅದಕ್ಕಿಂತ ಕಡಿಮೆ ಸಾಕು. ಕಿವಿಯ ಕೋಶವು ಕಂಪನವನ್ನು ನೇರವಾಗಿ ವಿದ್ಯುತ್ತಾಗಿ ಮಾರ್ಪಡಿಸುತ್ತದೆ, ಕಣ್ಣಿನಂತೆ ರಾಸಾಯನಿಕ ಕ್ರಿಯೆಯ ಸರಣಿಗಾಗಿ ಕಾಯುವುದಿಲ್ಲ.

ಆ ಉಪನ್ಯಾಸವಾದ ಕೆಲವೇ ವಾರಗಳಲ್ಲಿ ಪ್ರಯೋಗಶಾಲೆಯಲ್ಲಿಯೇ ಹೃದಯಾಘಾತವಾಗಿ ಕುಸಿದರು. ಆಸ್ಪತ್ರೆಯಲ್ಲಿ ಸ್ವಲ್ಪ ಚೇತರಿಸಿಕೊಂಡಮೇಲೆ ತಮ್ಮ ಸಂಶೋಧನಾಲಯದ ಆವರಣಕ್ಕೆ ಮರಳಿ, ೧೯೭೦ರ ನವೆಂಬರ್ ೨೧ರ ಬೆಳಗಿನ ಜಾವದಲ್ಲಿ ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ದಹನವು ಆ ತೋಟದಲ್ಲಿಯೇ ನಡೆಯಿತು. ೧೯೭೨ರಲ್ಲಿ ಮಗ ವಿ. ರಾಧಾಕೃಷ್ಣನ್ನರು ನಿರ್ದೇಶಕರಾದರು, ಸಂಶೋಧನಾಲಯವು ಖಗೋಳಶಾಸ್ತ್ರದ ಕಡೆಗೂ ದ್ರವಸ್ಫಟಿಕಗಳ ಕಡೆಗೂ ತಿರುಗಿತು. ದೃಷ್ಟಿಯ ಶೋಧವನ್ನು ಅಲ್ಲಿ ಯಾರೂ ಮುಂದುವರಿಸಲಿಲ್ಲ. ಚಿತೆ ಉರಿದ ಸ್ಥಳದಲ್ಲಿ ಗೋಪುರವಿಲ್ಲ, ಶಿಲೆಯಿಲ್ಲ, ಒಂದು ಮರವಿದೆ.